ರೆಡ್ಯೂಸರ್ ಹಾಕಿದ ಮೇಲೂ ಗೈಡ್ ಸ್ಕೋಪ್ ಬೇಡ, ಓಎಜಿಯೇ ಬೇಕು

ಎಂಟು ಇಂಚಿನ ಶ್ಮಿಟ್-ಕ್ಯಾಸಿಗ್ರೇನ್ ದೂರದರ್ಶಕದ ಫೋಕಲ್ ಲೆಂಗ್ತ್ 2032 ಮಿ.ಮೀ. ಅದಕ್ಕೆ ಸಾಮಾನ್ಯ ಡಿಎಸ್ಎಲ್ಆರ್ ಅಳತೆಯ ಎಪಿಎಸ್-ಸಿ ಸೆನ್ಸರ್ ಜೋಡಿಸಿದರೆ ಚಿತ್ರದಲ್ಲಿ ಸಿಗುವುದು ಸುಮಾರು 40ಕ್ಕೆ 27 ಆರ್ಕ್‌ಮಿನಿಟ್ ಆಕಾಶ ಮಾತ್ರ (60 ಆರ್ಕ್‌ಮಿನಿಟ್ ಸೇರಿದರೆ ಒಂದು ಡಿಗ್ರಿ). ಒಮೇಗಾ ಸೆಂಟಾರಿ ನಕ್ಷತ್ರಗುಚ್ಛದ ಅಗಲವೇ ಸುಮಾರು 36. ಏಪ್ರಿಲ್-ಮೇ ರಾತ್ರಿಗಳಲ್ಲಿ ಬೆಂಗಳೂರಿನ ದಕ್ಷಿಣಕ್ಕೆ ಹತ್ತಿರ ಹತ್ತಿರ 30 ಡಿಗ್ರಿ ಎತ್ತರದಲ್ಲಿ ನಿಲ್ಲುವ ಅಂಥ ಗುಚ್ಛವನ್ನು ಅರ್ಧಂಬರ್ಧ ಕತ್ತರಿಸಿ ತೆಗೆಯುವುದು ಅನ್ಯಾಯ. ಫೋಕಲ್ ಲೆಂಗ್ತ್ ಇಳಿಸುವ ಮಸೂರವಾದ 0.63 ರೆಡ್ಯೂಸರ್ ಹಾಕಿದರೆ 1280 ಮಿ.ಮೀ., ಎಫ್/6.3 (ಫೋಕಲ್ ಲೆಂಗ್ತನ್ನು ದೂರದರ್ಶಕದ ಅಗಲದಿಂದ ಭಾಗಿಸಿದ ಸಂಖ್ಯೆ), ಚೌಕಟ್ಟು 63ಕ್ಕೆ 42. ಗುಚ್ಛ ಪೂರ್ತಿ ಒಳಗೆ ಬರುತ್ತದೆ.

ಇಲ್ಲಿಯವರೆಗೆ ಎಲ್ಲರದೂ ಒಂದೇ ಮಾತು. ಆಮೇಲೆ ಅನೇಕರು "ಫೋಕಲ್ ಲೆಂಗ್ತ್ ಇಳಿಯಿತಲ್ಲ, ಇನ್ನು 50 ಮಿ.ಮೀ. ಗೈಡ್ ಸ್ಕೋಪ್ ಸಾಕು" ಅಂದುಕೊಳ್ಳುತ್ತಾರೆ. ಗೈಡ್ ಸ್ಕೋಪ್ ಅಂದರೆ ಮುಖ್ಯ ದೂರದರ್ಶಕದ ಮೇಲೆ ಕೂರಿಸಿ, ಒಂದು ನಕ್ಷತ್ರ ನೋಡುತ್ತಾ, ಆಕಾಶದ ಜೊತೆ ತಿರುಗುವ ಮೌಂಟ್ ಎಂಬ ಪೀಠದ ತಪ್ಪು ತಿದ್ದಲು ಬಳಸುವ ಪುಟ್ಟ ದೂರದರ್ಶಕ. ಅದು ಸಾಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ದೂರದರ್ಶಕಗಳಲ್ಲಿ ಫೋಕಸ್ ಮಾಡಲು ಮುಖ್ಯ ಕನ್ನಡಿಯೇ ಒಳಗಿನ ಕೊಳವೆಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಮೌಂಟ್ ತಿರುಗಿದಂತೆ ಆ ಕನ್ನಡಿ ಕೂದಲೆಳೆಯಷ್ಟು ವಾಲುತ್ತದೆ. ಮೇಲೆ ಕೂತ ಗೈಡ್ ಸ್ಕೋಪಿಗೆ ಅದು ಗೊತ್ತಾಗುವುದೇ ಇಲ್ಲ. ಗೈಡಿಂಗ್ ತಪ್ಪು ತೋರಿಸುವ ಗ್ರಾಫ್ ಚೆನ್ನಾಗಿಯೇ ಇರುತ್ತದೆ, ಆದರೆ ಐದು ನಿಮಿಷದ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಮೊಟ್ಟೆಯಾಗಿರುತ್ತವೆ. 3.76 ಮೈಕ್ರಾನ್ ಪಿಕ್ಸೆಲಿಗೆ ಇಲ್ಲಿ ಸ್ಕೇಲ್, ಅಂದರೆ ಒಂದು ಪಿಕ್ಸೆಲ್ ಹಿಡಿಯುವ ಆಕಾಶ, ಬರೀ 0.6 ಆರ್ಕ್‌ಸೆಕೆಂಡ್. ರೆಡ್ಯೂಸರ್ ಹಾಕಿದರೂ ಇಂಥ ತಪ್ಪನ್ನು ಮುಚ್ಚಿಡುವಷ್ಟು ಒರಟು ಸ್ಕೇಲ್ ಅಲ್ಲ ಅದು. ಕನ್ನಡಿ ವಾಲಿದ್ದನ್ನು ಕಾಣಬೇಕಾದರೆ ಅದೇ ಕನ್ನಡಿಯಿಂದ ಬಂದ ಬೆಳಕನ್ನೇ ನೋಡಬೇಕು. ಅದಕ್ಕೇ ಆಫ್-ಆಕ್ಸಿಸ್ ಗೈಡರ್, ಅಂದರೆ ಓಎಜಿ: ಮುಖ್ಯ ಬೆಳಕಿನ ಅಂಚಿನಿಂದ ಸ್ವಲ್ಪವನ್ನು ಪುಟ್ಟ ಪ್ರಿಸಂ ಮೂಲಕ ಗೈಡ್ ಕ್ಯಾಮೆರಾಗೆ ತಿರುಗಿಸುವ ಸಾಧನ.

ಓಎಜಿ ಯಾವಾಗಲೂ ರೆಡ್ಯೂಸರಿನ ಹಿಂದೆ, ಕ್ಯಾಮೆರಾ ಕಡೆಗೆ ಬರಲಿ. ಮುಂದೆ ಇಟ್ಟರೆ ಪ್ರಿಸಂಗೆ ಸಿಗುವುದು ಎಫ್/10 ಬೆಳಕು. ಗೈಡ್ ಕ್ಯಾಮೆರಾಗೆ ಕಾಣುವ ಆಕಾಶ ಕಿರಿದಾಗಿ ನಕ್ಷತ್ರ ಸಿಗುವುದು ಕಷ್ಟ, ಫೋಕಸ್ ಬೀಳುವ ಜಾಗವೂ ದೂರ ಸರಿಯುತ್ತದೆ.

ಇನ್ನು ಅಳತೆ. ರೆಡ್ಯೂಸರಿನ ಹಿಂಬದಿಯಿಂದ ಸೆನ್ಸರ್‌ವರೆಗೆ 105 ಮಿ.ಮೀ. ಇರಬೇಕು. ಡಿಎಸ್ಎಲ್ಆರ್ ಮತ್ತು ಅದನ್ನು ದೂರದರ್ಶಕಕ್ಕೆ ಜೋಡಿಸುವ ಬಳೆಯಾದ ಟಿ-ರಿಂಗ್ ಸೇರಿ 55 ಕಳೆದರೆ ಉಳಿಯುವುದು 50. ಓಎಜಿ ದಪ್ಪ 16.5 ಆದರೆ ಅಡಾಪ್ಟರ್, ಸ್ಪೇಸರ್‌ಗಳಿಗೆ ಉಳಿದದ್ದು 33.5. ಮೊದಲಿದ್ದ 50 ಮಿ.ಮೀ. ಟಿ-ಅಡಾಪ್ಟರ್ ಬಿಚ್ಚದೆ ಅದರ ಹಿಂದೆ ಓಎಜಿ ಸಿಕ್ಕಿಸುವವರೇ ಹೆಚ್ಚು. ಅಂತರ 121 ದಾಟುತ್ತದೆ, ಮೂಲೆಯ ನಕ್ಷತ್ರಗಳು ಹಾಳಾಗುತ್ತವೆ. ಥ್ರೆಡ್ ಒಳಗೆ ಹೋಗುವ ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಡಿ. ವರ್ನಿಯರ್ ಹಿಡಿದು ಒಂದರ ಮೇಲೊಂದು ಕೂರುವ ಚಪ್ಪಟೆ ಅಂಚಿನಿಂದ ಅಂಚಿಗೆ ಅಳೆಯಿರಿ. ರೆಡ್ಯೂಸರಿನ ಹಿಂದೆ 2 ಮಿ.ಮೀ. ದಪ್ಪದ ಫಿಲ್ಟರ್ ಇದ್ದರೆ ಸುಮಾರು 0.7 ಮಿ.ಮೀ. ಸೇರಿಸಿ. ಆ ಫಿಲ್ಟರ್ ಓಎಜಿ ಮತ್ತು ಕ್ಯಾಮೆರಾ ನಡುವೆ ಇರಲಿ. ಮುಂದಿಟ್ಟರೆ ಒಂದೇ ಕೆಂಪು ಬಣ್ಣವನ್ನಷ್ಟೇ ಬಿಡುವ ಹೈಡ್ರೋಜನ್-ಆಲ್ಫಾ ಗಾಜು ಗೈಡ್ ನಕ್ಷತ್ರವನ್ನೂ ನುಂಗಿಬಿಡುತ್ತದೆ.

ಪ್ರಿಸಂ ವಿಷಯದಲ್ಲಿ ಒಂದು ಸಣ್ಣ ಭಾಗಾಕಾರ ಮಾಡಿ ನೋಡಿ. ಎಫ್/6.3ರಲ್ಲಿ ಸೆನ್ಸರ್‌ನಿಂದ 50 ಮಿ.ಮೀ. ಮುಂದೆ, ದೂರದರ್ಶಕದ ಕಡೆಗೆ, ಬೆಳಕಿನ ಶಂಕುವಿನ ಅಗಲ 8 ಮಿ.ಮೀ. ಇರುತ್ತದೆ. ಅಂದರೆ 8 ಮಿ.ಮೀ. ಪ್ರಿಸಂಗೆ ಅಷ್ಟು ದೂರವೇ ಮಿತಿ. ಡಿಎಸ್ಎಲ್ಆರ್ ಜೊತೆ ಪ್ರಿಸಂ 63 ಮಿ.ಮೀ. ಆಸುಪಾಸಿನಲ್ಲಿ ಕೂರುತ್ತದೆ, ಅಲ್ಲಿ ಶಂಕು 10 ಮಿ.ಮೀ. ಅಂಚಿನ ಬೆಳಕು ಹೊರಗೇ ಉಳಿಯಿತು. ಹಾಗಾಗಿ ಡಿಎಸ್ಎಲ್ಆರ್ ಬಳಸುವವರು 12 ಮಿ.ಮೀ. ಪ್ರಿಸಂಗೆ ದುಡ್ಡು ಹಾಕುವುದು ನ್ಯಾಯ. ಪ್ರಿಸಂ ಸೆನ್ಸರಿನ ಉದ್ದನೆಯ ಬದಿಗೆ ಬರುವಂತೆ ತಿರುಗಿಸಿ. ಆ ಅಂಚೇ ನಡುಮಧ್ಯಕ್ಕೆ ಹತ್ತಿರ, ಅಲ್ಲಿ ನಕ್ಷತ್ರದ ಆಕಾರವೂ ವಾಸಿ.

ಫೋಕಸ್ ಮಾಡುವಾಗ ಮೊದಲು ಬಾಹ್ಟಿನೋವ್ ಮಾಸ್ಕ್ (ಫೋಕಸ್ ಪರೀಕ್ಷಿಸಲು ದೂರದರ್ಶಕದ ಬಾಯಿಗೆ ಹಾಕುವ ಸೀಳುಗಳ ಮುಚ್ಚಳ) ಹಾಕಿ ಮುಖ್ಯ ಕ್ಯಾಮೆರಾ ಸರಿಮಾಡಿ. ಆಮೇಲೆ ಫೋಕಸ್ ಗುಂಡಿ ಮುಟ್ಟದೆ ಗೈಡ್ ಕ್ಯಾಮೆರಾವನ್ನಷ್ಟೇ ಒಳಗೆ ಹೊರಗೆ ಸರಿಸಿ. ಅದು ಪೂರ್ತಿ ಒಳಗೆ ಹೋದರೂ ಫೋಕಸ್ ಸಿಗದಿದ್ದರೆ ಓಎಜಿ ಮುಂದಿರುವ ಒಂದು ಸ್ಪೇಸರ್ ತೆಗೆದು ಅದರ ಹಿಂದೆ ಹಾಕಿ. ಒಟ್ಟು 105 ಹಾಗೇ ಉಳಿಯುತ್ತದೆ.

ಕೊನೆಗೆ ಗೈಡಿಂಗ್ ತಂತ್ರಾಂಶವಾದ ಪಿಎಚ್‌ಡಿ2ನಲ್ಲಿ ಫೋಕಲ್ ಲೆಂಗ್ತ್ 1280 ಎಂದು ಬದಲಿಸಿ, ಕ್ಯಾಲಿಬ್ರೇಷನ್ (ಮೌಂಟ್ ಸರಿಸಿದರೆ ನಕ್ಷತ್ರ ಎಷ್ಟು, ಯಾವ ಕಡೆಗೆ ಸರಿಯುತ್ತದೆ ಎಂದು ತಂತ್ರಾಂಶಕ್ಕೆ ಕಲಿಸುವುದು) ಹೊಸದಾಗಿ ಮಾಡಿ. 2032 ಹಾಗೇ ಬಿಟ್ಟರೆ ನಿಜವಾದ 1 ಆರ್ಕ್‌ಸೆಕೆಂಡ್ ತಪ್ಪು ಪರದೆಯ ಮೇಲೆ 0.63 ಎಂದು ಕಾಣುತ್ತದೆ, ಗೈಡಿಂಗ್ ಚೆನ್ನಾಗಿದೆ ಅಂತ ಮೋಸಹೋಗುತ್ತೀರಿ. ಕ್ಯಾಲಿಬ್ರೇಷನ್ ಖಗೋಳ ವಿಷುವದ್ವೃತ್ತದ ಹತ್ತಿರ ಆಗಲಿ. ಕರ್ನಾಟಕದಿಂದ ಅದು ನೆತ್ತಿಗೆ ಸ್ವಲ್ಪವೇ ದಕ್ಷಿಣಕ್ಕೆ, ಮರ ಮನೆಗಳ ಅಡ್ಡಿಯಿಲ್ಲದೆ ಸಿಗುತ್ತದೆ. ಗೈಡ್ ಎಕ್ಸ್‌ಪೋಷರ್ 2ರಿಂದ 4 ಸೆಕೆಂಡ್ ಇಟ್ಟು, ನಕ್ಷತ್ರ ಮಂಕಾಗಿದ್ದರೆ 2x2 ಬಿನ್ನಿಂಗ್ (ನಾಲ್ಕು ಪಿಕ್ಸೆಲ್ ಸೇರಿಸಿ ಒಂದಾಗಿಸುವುದು) ಮಾಡಿ. ಕನ್ಯಾ ರಾಶಿಯ ಗ್ಯಾಲಕ್ಸಿಗಳ ಸುತ್ತ ನಕ್ಷತ್ರ ವಿರಳ. ಅಲ್ಲಿ ಏನೂ ಸಿಗದಿದ್ದರೆ ಚೌಕಟ್ಟನ್ನು ಒಂದೆರಡು ಆರ್ಕ್‌ಮಿನಿಟ್ ಪಕ್ಕಕ್ಕೆ ಸರಿಸಿ ನೋಡಿ.