ಒಂದೇ ಸರ್ವರ್, ಎರಡು ಸಂಸಾರ

ಬಳಕೆದಾರರ ದಿನನಿತ್ಯದ ಇಮೇಲ್ ಮತ್ತು ಮೇಲಿಂಗ್ ಲಿಸ್ಟ್ (ಒಂದು ವಿಳಾಸಕ್ಕೆ ಬರೆದ ಪತ್ರವನ್ನು ಎಲ್ಲ ಸದಸ್ಯರಿಗೂ ತಲುಪಿಸುವ ಪಟ್ಟಿ) ತಂತ್ರಾಂಶ, ಇವೆರಡನ್ನೂ ಒಂದೇ ಸರ್ವರ್‌ನಲ್ಲಿ ನಡೆಸಿದರೆ ಖರ್ಚು ಉಳಿಯುತ್ತದೆ ಎನ್ನುವವರು ಆ ಸರ್ವರ್‌ನ ಲಾಗ್‌ಗಳನ್ನು ಒಮ್ಮೆಯೂ ತೆರೆದು ನೋಡಿರಲಾರರು. ಪತ್ರ ರವಾನಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶಕ್ಕೆ ಪಟ್ಟಿ ನಡೆಸುವ ಮೇಲ್‌ಮ್ಯಾನ್ 3 ಅನ್ನು ಜೋಡಿಸುವುದೇನೋ ದೊಡ್ಡ ಕೆಲಸವಲ್ಲ. ಆದರೆ ಒಂದು ಪಟ್ಟಿಯೆಂದರೆ ಒಂದು ವಿಳಾಸವಲ್ಲ. ಓನರ್, ರಿಕ್ವೆಸ್ಟ್, ಬೌನ್ಸಸ್, ಜಾಯಿನ್, ಲೀವ್ ಎಂಬ ಬಾಲಗಳನ್ನು ಅಂಟಿಸಿಕೊಂಡ ಪರಿವಾರವೇ ಬಳಕೆದಾರರ ಹೆಸರುಗಳ ನಡುವೆ ಬಂದು ಕೂರುತ್ತದೆ.

ನಿಜವಾದ ಗೋಳು ಸರ್ವರ್‌ನ ಐಪಿ ವಿಳಾಸದ ಮರ್ಯಾದೆಯದು, ಅಂದರೆ ಪತ್ರ ಪಡೆಯುವವರ ಸರ್ವರ್‌ಗಳು ಅದರ ಮೇಲಿಟ್ಟ ನಂಬಿಕೆಯದು. ಎಂದೋ ಮುಚ್ಚಿಹೋದ ವಿಳಾಸಗಳಿಗೆ ಪಟ್ಟಿ ಕಳುಹಿಸುತ್ತಲೇ ಇರುವ ಪತ್ರಗಳು ಬೌನ್ಸ್ ಆದಾಗ (ತಲುಪದೆ ಮರಳಿದಾಗ), ಅಥವಾ ಸದಸ್ಯತ್ವ ರದ್ದುಪಡಿಸಿಕೊಳ್ಳುವ ಬದಲು ಯಾರಾದರೂ ಸೋಮಾರಿತನದಿಂದ ಸ್ಪ್ಯಾಮ್ ಗುಂಡಿ ಒತ್ತಿದಾಗ, ಪಟ್ಟಿಗೆ ಯಾವ ಸಂಬಂಧವೂ ಇಲ್ಲದ ಲೆಕ್ಕಪತ್ರ ವಿಭಾಗದವರ ಬಿಲ್ಲುಗಳೂ ಅದೇ ಐಪಿಯಿಂದ ಹೊರಟ ತಪ್ಪಿಗೆ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತವೆ. ಒಂದು ದೊಡ್ಡ ಪಟ್ಟಿಗೆ ಬರೆದ ಒಂದೇ ಪತ್ರ ಸಾವಿರಾರು ಪ್ರತಿಗಳಾಗಿ ಕ್ಯೂ ತುಂಬಿಕೊಂಡಾಗ, ತುರ್ತಾದ ಪಾಸ್‌ವರ್ಡ್ ಮರುಹೊಂದಿಕೆಯ ಪತ್ರವೂ ಅದರ ಹಿಂದೆ ಕಾಯಬೇಕಾಗುತ್ತದೆ.

ಇದರ ಮೇಲೆ ಡಿಮಾರ್ಕ್, ಅಂದರೆ ಕಳುಹಿಸಿದವರ ವಿಳಾಸ ನಿಜವೇ ಎಂಬ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಆ ವಿಳಾಸದ ಡೊಮೇನ್‌ನವರೇ ಹೇಳಿಡುವ ನೀತಿ. ಪಟ್ಟಿಯು ವಿಷಯದ ಸಾಲಿಗೆ ತನ್ನ ಹೆಸರನ್ನೂ ಕೊನೆಗೆ ಅಡಿಬರಹವನ್ನೂ ಸೇರಿಸಿದರೆ ಪತ್ರ ದಾರಿಯಲ್ಲಿ ಬದಲಾಗಿಲ್ಲ ಎಂದು ಸಾರುವ, ಮೂಲ ಲೇಖಕರ ಡೊಮೇನ್‌ನ ಡಿಕಿಮ್ ಸಹಿ ಸಾಮಾನ್ಯವಾಗಿ ಮುರಿಯುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ‘ರಿಜೆಕ್ಟ್’ಗೆ (ಸೋತ ಪತ್ರವನ್ನು ತಿರಸ್ಕರಿಸಿ ಎಂಬುದಕ್ಕೆ) ಬದಲಿಸಿದ ಮೇಲಂತೂ ಕಳುಹಿಸಿದವರ ವಿಳಾಸವನ್ನೇ ತಿದ್ದಿ ಅಲ್ಲಿ ತಮ್ಮ ವಿಳಾಸ ಬರೆಯುವುದು ಪಟ್ಟಿಗಳ ಪಾಡಾಗಿದೆ. ಆಗ ಒಬ್ಬರಿಗೆ ಖಾಸಗಿಯಾಗಿ ಬರೆಯಬೇಕಿದ್ದ ಉತ್ತರ ಇಡೀ ಪಟ್ಟಿಗೆ ಹೋದರೆ, ದೂರು ಬರುವುದು ಸರ್ವರ್ ನೋಡಿಕೊಳ್ಳುವವರಿಗೆ. ಪಟ್ಟಿಗೆಂದೇ ಇನ್ನೊಂದು ಐಪಿ ವಿಳಾಸ, ಪ್ರತ್ಯೇಕ ಉಪಡೊಮೇನ್ ಕೊಡಿ ಎಂಬ ಕೋರಿಕೆಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.