ಮಾಟುಂಗವನ್ನು ಬರೀ ‘ಮಿನಿ ಮದ್ರಾಸ್’ ಅನ್ನಬೇಡಿ

ರೀಲ್ಸ್ ಮಾಡುವವರಿಗೆ ಮುಂಬಯಿಯ ಮಾಟುಂಗ ಅಂದರೆ ಫಿಲ್ಟರ್ ಕಾಫಿ, ಇಡ್ಲಿ, ಮಲ್ಲಿಗೆ ಮಾಲೆ. ಅಷ್ಟಕ್ಕೇ ‘ಮಿನಿ ಮದ್ರಾಸ್’ ಎಂದು ಹಣೆಪಟ್ಟಿ ಹಚ್ಚಿಬಿಡುತ್ತಾರೆ. ಅದು ಅರ್ಧ ಸತ್ಯ. ಅಲ್ಲಿನ ಕೆಫೆ ಮದ್ರಾಸನ್ನು ನಡೆಸುವವರೇ ನಮ್ಮ ಕರಾವಳಿ ಮೂಲದ ಕಾಮತರು!

1896ರಲ್ಲಿ ಪ್ಲೇಗ್ ಬಂದು ಹಳೇ ಮುಂಬಯಿಯ ಇಕ್ಕಟ್ಟು ಗಲ್ಲಿಗಳು ತತ್ತರಿಸಿದವು. ಊರನ್ನು ಸರಿಪಡಿಸಲೆಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅಗಲವಾದ ರಸ್ತೆ, ಸಾಲುಮರ, ಸುತ್ತ ಗಾಳಿಗೆ ಜಾಗ ಬಿಟ್ಟ ಗಿಡ್ಡ ಕಟ್ಟಡಗಳು, ಫೈವ್ ಗಾರ್ಡನ್ಸ್ ಎಲ್ಲ ಟ್ರಸ್ಟಿನ ದಾದರ್-ಮಾಟುಂಗ ಯೋಜನೆಯ ಫಲ. ದಾದರ್ ಕಡೆಗೆ ಪಾರ್ಸಿ ಕಾಲೊನಿ. ಸ್ಟೇಷನ್ ಕಡೆಗೆ ಕಚೇರಿ ಗುಮಾಸ್ತಿಕೆ, ಟೈಪಿಂಗ್ ಕೆಲಸಕ್ಕೆ ಬಂದ ತಮಿಳರು, ಹೋಟೆಲಿನ ಕೊಂಕಣಿ-ತುಳುವರು, ವ್ಯಾಪಾರಕ್ಕೆ ಬಂದ ಗುಜರಾತಿನ ಕಚ್ಛಿಗಳು. ತಮಿಳು ಕುಟುಂಬಗಳು ಎಷ್ಟೋ ಚೆಂಬೂರು, ಮುಲುಂಡ್, ಡೊಂಬಿವಲಿ ಸೇರಿದವು. ಇವತ್ತು ಮೇಲಿನ ಮಹಡಿಗಳಲ್ಲಿ ಗುಜರಾತಿ ಜೋರು, ಕೆಳಗೆ ದೋಸೆ ಕಾವಲಿ ಮಾತ್ರ ಆರಿಲ್ಲ.

ಹೋಗುವವರು ಮೊದಲು ಸ್ಟೇಷನ್ ನೋಡಿಕೊಳ್ಳಿ. ಸೆಂಟ್ರಲ್ ಲೈನಿನದು ಮಾಟುಂಗ, ವೆಸ್ಟರ್ನಿನದು ಮಾಟುಂಗ ರೋಡ್, ಹಾರ್ಬರ್ ಕಡೆಯದು ಕಿಂಗ್ಸ್ ಸರ್ಕಲ್. ಮಾರ್ಕೆಟ್, ಹೂವು, ಊಟಕ್ಕೆ ಸೆಂಟ್ರಲ್ಲೇ ಸರಿ. ಸ್ಲೋ ಲೋಕಲ್ ಹತ್ತಿ, ಫಾಸ್ಟ್ ಹತ್ತಿದರೆ ದಾದರಿನಲ್ಲಿ ಇಳಿದು ಬದಲಿಸಬೇಕು. ವೆಸ್ಟರ್ನಿನಲ್ಲಿ ಇಳಿದವರು ಝಡ್ ಬ್ರಿಜ್ ಎಂಬ ಕಾಲ್ಸೇತುವೆ ದಾಟಿ ನಡೆಯಬೇಕು. ಜೋರು ಮಳೆ, ಸಮುದ್ರದಲ್ಲಿ ಉಬ್ಬರ ಎರಡೂ ಒಟ್ಟಿಗಿದ್ದ ದಿನ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಕಡೆ ಹೋಗಲೇಬೇಡಿ. ತಗ್ಗು ಜಾಗ, ಚರಂಡಿ ನೀರು ಸಮುದ್ರಕ್ಕೆ ಇಳಿಯದೆ ಅಲ್ಲೇ ನಿಲ್ಲುತ್ತದೆ.

ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ (1942) ಸ್ಟೇಷನ್ ಎದುರಿನ ಮಾರ್ಕೆಟ್ ಕಟ್ಟಡದ ಮೇಲಿದೆ. ಸೋಮವಾರ ರಜೆ. ಎಲೆ ಊಟವೋ ತಟ್ಟೆ ಊಟವೋ ಮೊದಲೇ ಹೇಳಿ ಕೂಪನ್ ತೆಗೆದುಕೊಂಡು, ನಂಬರ್ ಕರೆಯುವವರೆಗೆ ಕೂತಿರಬೇಕು. ಭಾನುವಾರ ಮಧ್ಯಾಹ್ನ ಒಂದರ ಮೇಲೆ ಹೋಗಿ ಕಾಯಿಸುತ್ತಾರೆ ಎಂದು ಗೊಣಗಿದರೆ ತಪ್ಪು ನಿಮ್ಮದೇ. ಬಾಳೆ ಎಲೆ, ಬಾಳೆದಿಂಡು, ಸಾಂಬಾರ್ ಈರುಳ್ಳಿ ಬೇಕಾದವರಿಗೆ ಕೆಳಗಿನ ರಸ್ತೆಗಳೇ ಸಾಕು. ಹಬ್ಬದ ಹಿಂದಿನ ಸಂಜೆ ಹೋದರೆ ದರ ಕೇಳಿ ಬೆವರುತ್ತೀರಿ. ಕಿಂಗ್ಸ್ ಸರ್ಕಲ್ಲಿನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣರ) ಗಣಪತಿ ಐದೇ ದಿನ. ವಡಾಲದ ಜಿಎಸ್‌ಬಿ ಗಣಪತಿ ಬೇರೆ, ಅದು ಹನ್ನೊಂದು ದಿನ. ಇವೆರಡನ್ನು ಗೊಂದಲ ಮಾಡಿಕೊಂಡು ಖಾಲಿ ಪೆಂಡಾಲಿಗೆ ಕೈ ಮುಗಿದವರಿದ್ದಾರೆ. ಕನ್ನಡದ ನಂಟಿಗೆ ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, 1926ರದು. ‘ನೇಸರು’ ಪತ್ರಿಕೆ ಅವರದ್ದೇ.

ಇಷ್ಟೆಲ್ಲ ಉಳಿದದ್ದು ಸಂಸ್ಕೃತಿ ಪ್ರೇಮದಿಂದ ಅಂದುಕೊಂಡರೆ ತಪ್ಪು. ಉಳಿಸಿದ್ದು ಪಗಡಿ, ಅಂದರೆ ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಹಕ್ಕು ಪಡೆಯುವ ಮುಂಬಯಿಯ ಹಳೇ ಪದ್ಧತಿ. 1947ರ ಬಾಡಿಗೆ ಕಾಯ್ದೆ ಹಳೇ ಬಾಡಿಗೆಗಳನ್ನು ಹೆಚ್ಚುಕಡಿಮೆ ಇದ್ದಲ್ಲೇ ಕಟ್ಟಿಹಾಕಿತು. ಬಾಡಿಗೆದಾರ ತನ್ನ ಹಕ್ಕನ್ನು ಮಾರಬಹುದು, ಅದರಲ್ಲಿ ಮಾಲೀಕನಿಗೆ ಒಂದು ಪಾಲು. ತಿಂಗಳ ಬಾಡಿಗೆ ಹಗುರ ಇದ್ದುದರಿಂದಲೇ ಕಾಫಿಪುಡಿ, ಕುಂಕುಮ, ಹಪ್ಪಳ ಮಾರಿ ಅಂಗಡಿ ನಡೆಸುವುದು ಸಾಧ್ಯವಾಯಿತು. ಆದರೆ ಅದೇ ಬಾಡಿಗೆಯಲ್ಲಿ ಮಾಲೀಕ ಕಟ್ಟಡದ ರಿಪೇರಿ ಮಾಡಿಸಲಾರ, ಮಾಡಿಸುವುದೂ ಇಲ್ಲ. ಸೋರುವ ಮನೆಗೆ ಲಿಫ್ಟಿಲ್ಲದೆ ಹತ್ತುವ ಅಜ್ಜಿಯ ಎದುರು ನಿಂತು ‘ಪಾರಂಪರಿಕ ಕಟ್ಟಡ ಉಳಿಸಿ’ ಎಂದು ಭಾಷಣ ಬಿಗಿಯುವುದು ನನಗೆ ಸರಿಕಾಣದು.

ಹಾಗಾಗಿ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಬೇಡ ಅನ್ನಲಾರೆ. ಅಂಗಡಿಯವರು ಬಿಲ್ಡರಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಮಾತು ಬರವಣಿಗೆಯಲ್ಲಿ ಕೇಳಲಿ ಅಷ್ಟೇ: ಕೆಲಸ ಮುಗಿಯುವ ತನಕ ಅದೇ ಬೀದಿಯಲ್ಲಿ ಬದಲಿ ಜಾಗ, ಹೊಸ ಕಟ್ಟಡದಲ್ಲಿ ರಸ್ತೆಗೆ ಮುಖ ಮಾಡಿದ ನೆಲಮಟ್ಟದ ಅಂಗಡಿ, ಮೇಲಿನವರ ಜಿಮ್ಮು, ಲಿಫ್ಟಿನ ಖರ್ಚು ಸೇರದ ಪ್ರತ್ಯೇಕ ಮೇಂಟೆನೆನ್ಸ್. ಎರಡನೆಯದನ್ನು ಬಿಟ್ಟುಕೊಟ್ಟರೆ ಮುಂದಿನ ಭಾಗ ಪೂರ್ತಿ ಪಾರ್ಕಿಂಗಿಗೆ ಹೋಗುತ್ತದೆ. ಆಮೇಲೆ ಪಾರ್ಕಿಂಗ್ ಹಿಂದಿನ ಕಾಫಿಪುಡಿ ಅಂಗಡಿಯನ್ನು ಯಾವ ಗಿರಾಕಿಯೂ ಹುಡುಕಿಕೊಂಡು ಹೋಗುವುದಿಲ್ಲ.