ಸತ್ಯಾಂಶ: ಕಂಪಿಸುವ ಯಂತ್ರದ ಮೇಲೆ ನಿಂತರೆ ತೂಕ ಇಳಿಯುತ್ತದೆಯೇ?

ಕಂಪಿಸುವ ಹಲಗೆಯ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತರೆ ಸಾಕು, ಒಂದು ಗಂಟೆ ಜಿಮ್‌ಗೆ ಸಮ, ಬೊಜ್ಜು ಕರಗುತ್ತದೆ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತದೆ. ಇದು ನಿಜವಲ್ಲ.

ಹಲಗೆ ಅದುರಿದಾಗ ಕಾಲಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ, ಅಷ್ಟರ ಮಟ್ಟಿಗೆ ಮಾತು ಸರಿ. ಆದರೆ ಅದಕ್ಕೆ ಖರ್ಚಾಗುವ ಶಕ್ತಿ ತೀರಾ ಕಡಿಮೆ. ದೇಹದ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲೊರಿ ಖರ್ಚಾಗಬೇಕು. ಹೊಟ್ಟೆ ಅಲುಗಿದ ಮಾತ್ರಕ್ಕೆ ಹೊಟ್ಟೆಯದೇ ಕೊಬ್ಬು ಕರಗುವುದೂ ಇಲ್ಲ.

ಹಾಗಂತ ಯಂತ್ರ ಪೂರ್ತಿ ದಂಡವೇನಲ್ಲ. ವಯಸ್ಸಾದವರ ಕಾಲಿನ ಬಲ, ಸಮತೋಲನ ಸ್ವಲ್ಪ ಸುಧಾರಿಸಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಗರ್ಭಿಣಿಯರು, ಪೇಸ್‌ಮೇಕರ್ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹತ್ತಬಾರದು.

ನೀವೇ ಪರೀಕ್ಷಿಸಿ ನೋಡಬಹುದು. ಹಲಗೆಯ ಮೇಲೆ ಐದು ನಿಮಿಷ ನಿಂತು ನಾಡಿ ಎಣಿಸಿ. ಸ್ವಲ್ಪ ಸುಧಾರಿಸಿಕೊಂಡು, ಐದು ನಿಮಿಷ ಬಿರುಸಾಗಿ ನಡೆದು ಮತ್ತೆ ಎಣಿಸಿ. ನಾಡಿ ಯಾವಾಗ ಹೆಚ್ಚು ಏರಿತೋ, ಸಾಮಾನ್ಯವಾಗಿ ಆಗಲೇ ದೇಹ ಹೆಚ್ಚು ದುಡಿದಿದೆ ಎಂದರ್ಥ. ಸಂದೇಶದಲ್ಲಿ ‘ಅಧ್ಯಯನದಲ್ಲಿ ಸಾಬೀತು’ ಎಂದು ಬರೆದಿದ್ದರೆ, ಭಾಗವಹಿಸಿದವರು ಊಟವನ್ನೂ ಕಡಿಮೆ ಮಾಡಿದ್ದರೇ, ಯಂತ್ರ ಬಳಸದ ಇನ್ನೊಂದು ಗುಂಪಿನೊಂದಿಗೆ ಹೋಲಿಸಿದ್ದರೇ ಎಂದು ನೋಡಿ. ಸಂದೇಶದ ಕೊನೆಗೆ ಖರೀದಿಯ ಲಿಂಕ್ ಇದ್ದರಂತೂ (ಬಹುತೇಕ ಇರುತ್ತದೆ) ಇನ್ನೊಮ್ಮೆ ಓದಿ.